ಬಾಲಮೂಳೆಯ ಮೇಲಿನ ಕೂದಲಗೂಡು: ಪೈಲೋನೈಡಲ್ ಸೈನಸ್ ಗುರುತಿಸುವುದರಿಂದ ಗಾಯ ಮಾಯುವವರೆಗೆ

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವನಿಗೆ ಎದ್ದು ಓಡಾಡಲು ಪುರುಸೊತ್ತು ಸಿಗುವುದಿಲ್ಲ. ಬೆಳಿಗ್ಗೆ ಹರಿಹರದಿಂದ ಬೈಕಿನಲ್ಲಿ ಬಂದು ಕುರ್ಚಿಯಲ್ಲಿ ಕುಳಿತರೆ ನಾನು ಏಳುತ್ತಿದ್ದುದು ಮಧ್ಯಾಹ್ನದ ಊಟಕ್ಕೆ, ಆಮೇಲೆ ರಾತ್ರಿ ಮನೆಗೆ ಹೊರಡಲು. ಆಗ ನನಗೆ 23 ವರ್ಷ. ಬೆನ್ನೆಲುಬು ಮುಗಿದು ಪೃಷ್ಠದ ಸೀಳು ಶುರುವಾಗುವ ಜಾಗದಲ್ಲಿ ಒಂದು ಕುರು ಎದ್ದಿತು. ಯಾರಿಗೂ ಹೇಳಲಿಲ್ಲ. ಅವ್ವ ಕೇಳಿದಾಗ ಬೆನ್ನುನೋವು ಎಂದೆ. ಔಷಧಿ ಅಂಗಡಿಯಲ್ಲಿ ತಗ್ಗಿದ ದನಿಯಲ್ಲಿ ಮೂಲವ್ಯಾಧಿಯ ಮುಲಾಮು ಕೇಳಿ ತಂದೆ. ಕುರು ಒಡೆಯುವುದು, ಒಳ ಉಡುಪಿಗೆ ಕೀವು ಹತ್ತುವುದು, ಎರಡು ವಾರ ತೆಪ್ಪಗಿರುವುದು, ಮತ್ತೆ ಊದಿಕೊಳ್ಳುವುದು: ಹೀಗೆ ಹನ್ನೊಂದು ತಿಂಗಳು ಕಳೆದವು.

ಮೊದಲ ಆಪರೇಷನ್ ಕೈಕೊಟ್ಟಿತು. ಎರಡನೆಯದು ಗುಣಪಡಿಸಿತು. ಎರಡಕ್ಕೂ ಇದ್ದ ಮುಖ್ಯ ವ್ಯತ್ಯಾಸ ಹೊಲಿಗೆ ಬಿದ್ದ ಜಾಗ. ಅದನ್ನು ಮೊದಲೇ ಯಾರಾದರೂ ತಿಳಿಸಿದ್ದರೆ ನನ್ನ ಬದುಕಿನ ಎರಡು ವರ್ಷ ಉಳಿಯುತ್ತಿದ್ದವು. ನಾನು ವೈದ್ಯನಲ್ಲ. ಎರಡು ಬಾರಿ ಆ ಮೇಜಿನ ಮೇಲೆ ಬೋರಲು ಮಲಗಿದವನು. ಆಮೇಲೆ ಸಿಕ್ಕದ್ದನ್ನೆಲ್ಲ ಓದಿ, ವೈದ್ಯರನ್ನು ಕಾಡಿ ಕೇಳಿ ತಿಳಿದುಕೊಂಡವನು. ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಒದ್ದಾಡುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದು ಏನು, ಏನಲ್ಲ

ಪೈಲೋನೈಡಲ್ ಎಂಬ ಹೆಸರು ಲ್ಯಾಟಿನ್ನಿನ ಎರಡು ಪದಗಳಿಂದ ಬಂದಿದೆ. ಪೈಲಸ್ ಎಂದರೆ ಕೂದಲು, ನೈಡಸ್ ಎಂದರೆ ಗೂಡು. 1880ರಲ್ಲಿ ಅಮೆರಿಕದ ವೈದ್ಯ ಹಾಜಸ್ ಈ ಹೆಸರಿಟ್ಟರು. ಹೆಸರು ರೋಗವನ್ನು ಸರಿಯಾಗಿಯೇ ಹೇಳುತ್ತದೆ. ಬಾಲಮೂಳೆಯ ಮೇಲೆ ಚರ್ಮದ ಕೆಳಗೆ ಒಂದು ಪೊಳ್ಳು ಇರುತ್ತದೆ, ಅದರೊಳಗೆ ಸಿಂಬೆ ಸುತ್ತಿಕೊಂಡ ಕೂದಲು ಇರುತ್ತದೆ. ಸೈನಸ್ ಎಂದರೆ ಒಂದು ಕಡೆ ಮಾತ್ರ ಬಾಯಿರುವ ಸುರಂಗ. ಆಯುರ್ವೇದದವರು ನಾಡೀವ್ರಣ ಎನ್ನುವುದು ಇಂತಹ ಗಾಯಕ್ಕೇ.

ನಮ್ಮ ಕಡೆ ಆಗುವ ದೊಡ್ಡ ತಪ್ಪೆಂದರೆ ಇದನ್ನು ಮೂಲವ್ಯಾಧಿ ಎಂದುಕೊಳ್ಳುವುದು. ಮೂಲವ್ಯಾಧಿ ಗುದದ್ವಾರದ ಒಳಗಿನ ರಕ್ತನಾಳಗಳ ತೊಂದರೆ. ಭಗಂದರ ಅಥವಾ ಫಿಸ್ಟುಲಾ ಎಂಬುದು ಗುದನಾಳದಿಂದಲೇ ಹೊರಟು ಚರ್ಮದವರೆಗೆ ಬರುವ ದಾರಿ. ಪೈಲೋನೈಡಲ್ ಸೈನಸ್‌ಗೆ ಗುದನಾಳದ ಸಂಬಂಧವೇ ಇಲ್ಲ. ಅದು ಗುದದ್ವಾರಕ್ಕಿಂತ ಕೆಲವು ಸೆಂಟಿಮೀಟರ್ ಮೇಲೆ, ಸೀಳಿನ ನಟ್ಟನಡುವೆ ಹುಟ್ಟುವ ಚರ್ಮದ ರೋಗ. ಆದ್ದರಿಂದಲೇ ಮೂಲವ್ಯಾಧಿಯ ಮಾತ್ರೆಯಾಗಲಿ, ಮುಲಾಮಾಗಲಿ, ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆದಿರುವ "ಒಂದೇ ಇಂಜೆಕ್ಷನ್" ಜಾಹೀರಾತಾಗಲಿ ಇದಕ್ಕೆ ನಾಟುವುದಿಲ್ಲ.

ಏಕೆ ಬರುತ್ತದೆ

ಇದು ಹುಟ್ಟಿನಿಂದಲೇ ಬರುವ ದೋಷವೆಂದು ವೈದ್ಯರು ಬಹಳ ಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲುಗಿಸಿದ್ದು ಎರಡನೆಯ ಮಹಾಯುದ್ಧ. ಜೀಪಿನಲ್ಲಿ ದಿನಗಟ್ಟಲೆ ಕುಲುಕುತ್ತ ಸಾಗುತ್ತಿದ್ದ ಅಮೆರಿಕದ ಸೈನಿಕರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಈ ತೊಂದರೆಯಿಂದ ಆಸ್ಪತ್ರೆ ಸೇರಿದರು. 1944ರಲ್ಲಿ ಬ್ಯೂಯೀ ಎಂಬ ವೈದ್ಯರು ಇದನ್ನು ಜೀಪ್ ರೋಗ ಎಂದೇ ಕರೆದರು. 1946ರಲ್ಲಿ ಇಂಗ್ಲೆಂಡಿನ ಪೇಟೀ ಮತ್ತು ಸ್ಕಾರ್ಫ್ ಇದು ಹುಟ್ಟಿನಿಂದ ಬಂದದ್ದಲ್ಲ, ಆಮೇಲೆ ಅಂಟಿಕೊಂಡದ್ದು ಎಂದು ವಾದಿಸಿದರು. ಅವರ ವಾದಕ್ಕೆ ಬಲ ಕೊಟ್ಟದ್ದು ಕ್ಷೌರಿಕರ ಕೈ. ಕ್ಷೌರಿಕರ ಬೆರಳುಗಳ ಸಂದಿಯಲ್ಲಿಯೂ ಇದೇ ರೋಗ ಕಾಣಿಸುತ್ತದೆ, ಒಳಗೆ ಸಿಗುವುದು ಗಿರಾಕಿಗಳ ಕೂದಲು. ಕುರಿಗಳ ಉಣ್ಣೆ ಕತ್ತರಿಸುವವರ ಬೆರಳುಗಳಲ್ಲಿಯೂ ಇದನ್ನು ಕಂಡವರಿದ್ದಾರೆ. ಚಳ್ಳಕೆರೆ ಸೀಮೆಯಲ್ಲಿ ಉಣ್ಣೆ ಕತ್ತರಿಸಿ ಕಂಬಳಿ ನೇಯುವ ಕುಟುಂಬಗಳಿವೆ. ಅವರಲ್ಲಿ ಯಾರಿಗಾದರೂ ಬೆರಳ ಸಂದಿಯ ಹುಣ್ಣು ಮಾಯದೆ ಉಳಿದಿದ್ದರೆ, ಕೂದಲು ಹೊಕ್ಕಿದೆಯೇ ಎಂದು ಒಮ್ಮೆ ತೋರಿಸಿಕೊಳ್ಳಬೇಕು.

ಕೂದಲು ಚರ್ಮವನ್ನು ಚುಚ್ಚಿ ಒಳಹೋಗುವುದು ಹೇಗೆ? ಕೂದಲಿನ ಮೇಲ್ಮೈಯಲ್ಲಿ ಮೀನಿನ ಮೈಯಲ್ಲಿರುವಂತಹ ಸೂಕ್ಷ್ಮ ಹುರುಪೆಗಳಿವೆ, ಎಲ್ಲವೂ ತುದಿಯ ಕಡೆಗೆ ಬಾಗಿವೆ. ಬುಡದ ಕಡೆ ಮೊದಲು ಒಳಸೇರಿದರೆ ಈ ಹುರುಪೆಗಳು ಕೊಕ್ಕೆಯಂತೆ ಹಿಡಿದುಕೊಂಡು ಹಿಂದಕ್ಕೆ ಬರಗೊಡುವುದಿಲ್ಲ. ಗೋಧಿ ತೆನೆಯ ಮುಳ್ಳು ಬಟ್ಟೆಯೊಳಗೆ ಹೊಕ್ಕು ಮುಂದೆ ಮುಂದೆ ಸರಿಯುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಳಿತು ಎದ್ದು ಮಾಡಿದಂತೆಲ್ಲ ಪೃಷ್ಠದ ಎರಡು ಭಾಗಗಳು ಒಂದಕ್ಕೊಂದು ಉಜ್ಜಿ ಕೂದಲನ್ನು ಒಳಕ್ಕೆ ತಳ್ಳುತ್ತವೆ. ಸೀಳಿನ ತಳದಲ್ಲಿ ಬೆವರು ನಿಂತು ಚರ್ಮ ಮೆತ್ತಗಾಗಿರುತ್ತದೆ, ಅಲ್ಲಿನ ರೋಮಕೂಪಗಳು ಹಿಗ್ಗಿ ಸಣ್ಣ ಗುಂಡಿಗಳಾಗಿರುತ್ತವೆ. ಕೂದಲು ನುಗ್ಗುವುದು ಆ ಗುಂಡಿಗಳ ಮೂಲಕ. ಒಳಗೆ ಸೇರಿದ ಕೂದಲನ್ನು ದೇಹ ಮುಳ್ಳಿನಂತೆ ಪರಕೀಯ ವಸ್ತುವೆಂದು ಕಾಣುತ್ತದೆ, ಸುತ್ತ ಕೀವು ಕಟ್ಟುತ್ತದೆ. ಆ ಕೀವು ಪಕ್ಕಕ್ಕೆ ದಾರಿ ಮಾಡಿಕೊಂಡು ಎಡಕ್ಕೋ ಬಲಕ್ಕೋ ಇನ್ನೊಂದು ತೂತಾಗಿ ಒಡೆಯುತ್ತದೆ.

ಗ್ರೀಕ್ ಸೇನೆಯ ಶಸ್ತ್ರವೈದ್ಯ ಕ್ಯಾರಿಡಾಕಿಸ್ ಇದನ್ನು ಮೂರು ಅಂಶಗಳಲ್ಲಿ ಹಿಡಿದಿಟ್ಟರು: ಉದುರಿದ ಕೂದಲು, ಅದನ್ನು ಒಳತಳ್ಳುವ ಬಲ, ಸುಲಭವಾಗಿ ಬಗ್ಗುವ ಚರ್ಮ. ಮೂರರಲ್ಲಿ ಹೆಚ್ಚು ಮುಖ್ಯವಾದದ್ದು ಮೂರನೆಯದು, ಆಳವಾದ ಒದ್ದೆ ಸೀಳು. ಕೂದಲು ತೆಗೆದರೂ ಸೀಳು ಹಾಗೆಯೇ ಉಳಿದರೆ ರೋಗಕ್ಕೆ ಮನೆ ಸಿದ್ಧವಾಗಿಯೇ ಇರುತ್ತದೆ. ಮುಂದೆ ಬರುವ ಶಸ್ತ್ರಚಿಕಿತ್ಸೆಯ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಹರೆಯ ಬಂದ ಮೇಲೆ ಶುರುವಾಗುವ ರೋಗ ಇದು. ನಲವತ್ತು ದಾಟಿದವರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವುದು ಅಪರೂಪ. ನಾರ್ವೆಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 26 ಮಂದಿಗೆ ಬರುತ್ತದೆ ಎಂದಿತು, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಎರಡು ಪಟ್ಟು. ದಟ್ಟ ಕೂದಲು, ತೂಕ, ಹೆಚ್ಚು ಹೊತ್ತು ಕೂರುವ ಕೆಲಸ, ಮನೆಯಲ್ಲಿ ಇನ್ನೊಬ್ಬರಿಗೆ ಇದ್ದದ್ದು, ಇವೆಲ್ಲ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಗಲಿರುಳು ಲಾರಿ ಓಡಿಸುವವರು, ಭದ್ರಾ ನಾಲೆಯ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಮೇಲೆ ಕುಲುಕುವವರು, ಮೊಳಕಾಲ್ಮೂರಿನ ಮಗ್ಗದ ಗುಂಡಿಯಲ್ಲಿ ಇಡೀ ದಿನ ಕೂರುವವರು, ಪರೀಕ್ಷೆಗೆ ಓದುವ ಮಕ್ಕಳು ಎಲ್ಲರೂ ಎಚ್ಚರವಾಗಿರಬೇಕು. ಏಪ್ರಿಲ್ ತಿಂಗಳ ದಾವಣಗೆರೆಯ ಸೆಕೆಯನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಇದು ಕೊಳಕಿನಿಂದ ಬಂದ ರೋಗವಲ್ಲ, ಲೈಂಗಿಕ ರೋಗವಲ್ಲ, ಮುಟ್ಟಿದರೆ ಹರಡುವುದೂ ಇಲ್ಲ. ನನಗೆ ಆಗ ಇದನ್ನು ಯಾರೂ ಹೇಳಲಿಲ್ಲ.

ಮೊದಲ ಹೆಜ್ಜೆ: ನೀವೇ ನೋಡಿಕೊಳ್ಳಿ

ಸ್ನಾನವಾದ ಮೇಲೆ ಬೆಳಕಿರುವ ಕೋಣೆಯಲ್ಲಿ, ನೆಲದ ಮೇಲೆ ಕನ್ನಡಿಯಿಟ್ಟು ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದು ನೋಡಿ. ನೋಡಿದ ಮೇಲೆ ಚಿತ್ರ ಅಳಿಸಿಬಿಡಿ. ಸೀಳಿನ ನಡುಗೆರೆಯಲ್ಲಿ ಸೂಜಿಮೊನೆಯಿಂದ ಸಾಸಿವೆಕಾಳಿನಷ್ಟು ಗಾತ್ರದ ಗುಂಡಿ ಒಂದೋ ಹಲವೋ ಕಾಣಬಹುದು, ಕೆಲವೊಮ್ಮೆ ಅದರಿಂದ ಕೂದಲು ಇಣುಕುತ್ತಿರುತ್ತದೆ. ಪಕ್ಕದಲ್ಲಿ ಕೆಂಪಗಿನ, ಸ್ವಲ್ಪ ಉಬ್ಬಿದ ಇನ್ನೊಂದು ತೂತು ಇರಬಹುದು. ಒಳ ಉಡುಪಿನ ಮೇಲೆ ಹಳದಿ ಅಥವಾ ರಕ್ತ ಬೆರೆತ ಕಲೆ, ವಾಸನೆ, ಕುಳಿತಾಗ ಒತ್ತುವ ನೋವು ಇವು ಸಾಮಾನ್ಯ ಲಕ್ಷಣಗಳು.

ಗುಂಡಿ ಇದೆ, ಆದರೆ ನೋವಿಲ್ಲ, ಕೀವಿಲ್ಲ ಎಂದಾದರೆ ಆಪರೇಷನ್ ಬೇಕಾಗಿಲ್ಲ. ಜಾಗವನ್ನು ಒಣಗಿಸಿಟ್ಟುಕೊಂಡು, ಕೂದಲು ತೆಗೆಯುತ್ತ, ಗಮನವಿಟ್ಟರೆ ಸಾಕು. ನೋವಿಲ್ಲದ ಗುಂಡಿಯನ್ನು "ಮುಂದೆ ತೊಂದರೆಯಾದೀತು" ಎಂದು ಕೊಯ್ಯಲು ಹೊರಡುವವರಿಗೆ ಒಪ್ಪಿಗೆ ಕೊಡಬೇಡಿ.

ಬಾವು ಕಟ್ಟಿದರೆ ಅದೇ ದಿನ ಏನು ಮಾಡಬೇಕು

ಒಂದೆರಡು ದಿನಗಳಲ್ಲಿ ಜಾಗ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಊದಿಕೊಂಡರೆ, ಕೂರಲು ಮಲಗಲು ಆಗದಂತೆ ಮಿಡಿದರೆ, ಜ್ವರ ಬಂದರೆ ಅದು ಬಾವು. ನಮ್ಮ ಮನೆಗಳಲ್ಲಿ ಕುರು ಹಣ್ಣಾಗಲೆಂದು ಸುಣ್ಣ ಬೆಲ್ಲ ಹಚ್ಚುವುದು, ಈರುಳ್ಳಿ ಸುಟ್ಟು ಕಟ್ಟುವುದು ರೂಢಿ. ಈ ಜಾಗದಲ್ಲಿ ಅದನ್ನು ಮಾಡಬೇಡಿ. ಹಿಸುಕಲೂ ಬೇಡಿ, ಹಿಸುಕಿದ ಕೀವು ಹೊರಗೆ ಬರುವುದಕ್ಕಿಂತ ಒಳಗೆ ಹೊಸ ದಾರಿ ಕೊರೆಯುವುದೇ ಹೆಚ್ಚು. ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಕೂತರೆ ಸ್ವಲ್ಪ ಹಿತವೆನಿಸುತ್ತದೆ, ಆಸ್ಪತ್ರೆಗೆ ಹೊರಡುವವರೆಗೆ ಅಷ್ಟು ಸಾಕು.

ಬಾವಿಗೆ ಮದ್ದು ಒಂದೇ, ಕೊಯ್ದು ಕೀವು ಹೊರಬಿಡುವುದು. ಆಂಟಿಬಯಾಟಿಕ್ ಮಾತ್ರೆ ಮಾತ್ರ ನುಂಗುತ್ತ ಕೂತರೆ ಕಟ್ಟಿದ ಕೀವಿನೊಳಗೆ ಔಷಧಿ ಸರಿಯಾಗಿ ತಲುಪುವುದಿಲ್ಲ. ಸುತ್ತಲ ಚರ್ಮಕ್ಕೆಲ್ಲ ಸೋಂಕು ಹಬ್ಬಿದ್ದರೆ, ಜ್ವರವಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಕೊಯ್ತದ ಜೊತೆಗೆ ಮಾತ್ರೆಯನ್ನೂ ಕೊಡುತ್ತಾರೆ. ಜಾಗ ಮರಗಟ್ಟಿಸಿ ಮಾಡುವ ಸಣ್ಣ ಕೆಲಸ ಇದು, ಬಹುತೇಕ ಅದೇ ದಿನ ಮನೆಗೆ ಬರಬಹುದು. ಕೊಯ್ತ ನಡುಗೆರೆಯ ಮೇಲೆ ಬೀಳದೆ ಒಂದು ಪಕ್ಕಕ್ಕೆ ಬಿದ್ದರೆ ಬೇಗ ಮಾಯುತ್ತದೆ. ಇದನ್ನು ಹೇಳಿ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಕೀವು ಹೋದ ಮರುದಿನ ಆಗುವ ಸುಖ ದೊಡ್ಡದು. ಆ ಸುಖದಲ್ಲಿ ರೋಗವೇ ಹೋಯಿತೆಂದು ನಾನು ಮೋಸಹೋದೆ. ಎಷ್ಟೋ ಜನರಿಗೆ ಅಲ್ಲಿಗೇ ಮುಗಿಯುವುದೂ ಉಂಟು. ಆದರೆ ಒಳಗೆ ಗುಂಡಿ ಮತ್ತು ಕೂದಲು ಉಳಿದವರಿಗೆ ಮತ್ತೆ ಬರುತ್ತದೆ. ಊತವಿಳಿದು ಸುಮಾರು ಆರು ವಾರಗಳ ನಂತರ ಮತ್ತೆ ತೋರಿಸಿ, ಮುಂದಿನ ಚಿಕಿತ್ಸೆ ಬೇಕೇ ಎಂದು ತೀರ್ಮಾನಿಸಬೇಕು. ಬಾವು ಉರಿಯುತ್ತಿರುವಾಗಲೇ ದೊಡ್ಡ ಆಪರೇಷನ್ ಮಾಡಿಸಿಕೊಳ್ಳುವುದು ಒಳ್ಳೆಯದಲ್ಲ.

ವೈದ್ಯರ ಮುಂದೆ

ಹೋಗಬೇಕಾದದ್ದು ಶಸ್ತ್ರಚಿಕಿತ್ಸಾ ವಿಭಾಗಕ್ಕೆ, ಅಂದರೆ ಜನರಲ್ ಸರ್ಜರಿಗೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆಯಿದೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆಯಿದೆ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಮೊದಲೇ ವಿಚಾರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ ಅಲ್ಲಿಂದಲೇ ಶಿಫಾರಸು ಪತ್ರ ಬೇಕಾಗುತ್ತದೆ, ಆರೋಗ್ಯಮಿತ್ರ ಸಿಬ್ಬಂದಿ ದಾರಿ ತೋರಿಸುತ್ತಾರೆ.

ಪರೀಕ್ಷೆ ಐದು ನಿಮಿಷದ್ದು. ಪಕ್ಕಕ್ಕೆ ಅಥವಾ ಬೋರಲು ಮಲಗಿಸಿ ಸೀಳನ್ನು ಬಿಡಿಸಿ ನೋಡುತ್ತಾರೆ. ಬಹುತೇಕ ಕಣ್ಣಿನಿಂದಲೇ ರೋಗ ಗೊತ್ತಾಗುತ್ತದೆ. ತೂತು ಗುದದ್ವಾರಕ್ಕೆ ತೀರ ಹತ್ತಿರವಿದ್ದು ಭಗಂದರದ ಅನುಮಾನ ಬಂದಾಗ, ಅಥವಾ ಹಿಂದೆ ಹಲವು ಬಾರಿ ಕೊಯ್ದಿದ್ದಾಗ ಎಂಆರ್‌ಐ ಬೇಕಾಗಬಹುದು. ಎಲ್ಲರಿಗೂ ಅದು ಬೇಡ. ಹೆಣ್ಣುಮಕ್ಕಳು ವೈದ್ಯೆಯೇ ನೋಡಲಿ ಎಂದು, ಇಲ್ಲವೇ ಪರೀಕ್ಷೆಯ ವೇಳೆ ನರ್ಸ್ ಜೊತೆಗಿರಲಿ ಎಂದು ಕೇಳಬಹುದು.

ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಬೀಡಿ ಸಿಗರೇಟು ಯಾವುದನ್ನೂ ಮುಚ್ಚಿಡಬೇಡಿ. ಧೂಮಪಾನ ಗಾಯ ಮಾಯುವುದನ್ನು ತಡೆಯುತ್ತದೆ, ಹೊಲಿಗೆ ಬಿಡುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಆಪರೇಷನ್ನಿಗೆ ಒಂದು ತಿಂಗಳ ಮೊದಲೇ ಬಿಟ್ಟರೆ ಒಳ್ಳೆಯದು.

ಆಮೇಲೆ ಈ ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ನನ್ನ ರೋಗ ಎಷ್ಟು ದೊಡ್ಡದು? ನೀವು ಮಾಡುವ ವಿಧಾನ ಯಾವುದು? ಗಾಯವನ್ನು ತೆರೆದಿಡುತ್ತೀರೋ, ಹೊಲಿಯುತ್ತೀರೋ? ಹೊಲಿದರೆ ಹೊಲಿಗೆ ನಡುಗೆರೆಯ ಮೇಲೆ ಬೀಳುತ್ತದೆಯೋ, ಪಕ್ಕಕ್ಕೆ ಬೀಳುತ್ತದೆಯೋ?

ಕೊನೆಯ ಪ್ರಶ್ನೆ ಏಕೆ ಅಷ್ಟು ಮುಖ್ಯ

ನನ್ನ ಮೊದಲ ಆಪರೇಷನ್ನಿನಲ್ಲಿ ರೋಗದ ಭಾಗವನ್ನು ಎಲೆಯ ಆಕಾರದಲ್ಲಿ ಕತ್ತರಿಸಿ, ಎರಡು ಅಂಚುಗಳನ್ನು ನೇರವಾಗಿ ಎಳೆದು ಹೊಲಿದರು. ಹೊಲಿಗೆಯ ಗೆರೆ ಸೀಳಿನ ತಳದಲ್ಲಿಯೇ ಬಿತ್ತು. ಹನ್ನೆರಡನೆಯ ದಿನ ಕೆಳತುದಿ ಬಿಟ್ಟುಕೊಂಡಿತು. ನಾಲ್ಕು ತಿಂಗಳ ನಂತರ ಅದೇ ಗೆರೆಯಲ್ಲಿ ಹೊಸ ಗುಂಡಿ, ಅದರೊಳಗೆ ಹೊಸ ಕೂದಲು. ನಾನು ಸರಿಯಾಗಿ ಡ್ರೆಸ್ಸಿಂಗ್ ಮಾಡಿಕೊಳ್ಳಲಿಲ್ಲವೆಂದು ಮನೆಯವರೆಲ್ಲ ಅಂದುಕೊಂಡರು, ನಾನೂ ಹಾಗೆಯೇ ನಂಬಿದೆ. ನಿಜವಾದ ಕಾರಣ ಗಾಯದ ಗೆರೆ ಒದ್ದೆಯಾದ, ಎಳೆತಕ್ಕೆ ಸಿಕ್ಕಿದ, ಗಾಳಿಯಾಡದ ಜಾಗದಲ್ಲಿ ಬಿದ್ದದ್ದು. ಹಳೆಯ ಸೀಳು ಹಾಗೆಯೇ ಉಳಿದಿತ್ತು.

2010ರಲ್ಲಿ ಹೊರಬಂದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಿಮರ್ಶೆ 26 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ, ಹೊಲಿಯುವುದಾದರೆ ನಡುಗೆರೆಯಿಂದ ಪಕ್ಕಕ್ಕೆ ಸರಿಸಿ ಹೊಲಿಯುವುದೇ ರೂಢಿಯಾಗಬೇಕು ಎಂದು ಸ್ಪಷ್ಟವಾಗಿ ಹೇಳಿತು. ಆದ್ದರಿಂದ ನಡುವೆಯೇ ಹೊಲಿಯುತ್ತೇವೆ ಎಂದರೆ ಇನ್ನೊಬ್ಬ ಸರ್ಜನ್ನರ ಅಭಿಪ್ರಾಯ ಕೇಳಿ ಎನ್ನುವುದು ನನ್ನ ದೃಢವಾದ ಸಲಹೆ.

ಯಾವ ರೋಗಕ್ಕೆ ಯಾವ ಶಸ್ತ್ರಚಿಕಿತ್ಸೆ

ಒಂದೆರಡು ಗುಂಡಿ, ಸಣ್ಣ ಸುರಂಗ ಇದ್ದವರಿಗೆ ಸಣ್ಣ ಕೆಲಸವೇ ಸಾಕು. ಅಮೆರಿಕದ ಬ್ಯಾಸ್ಕಮ್ 1980ರಲ್ಲಿ ವಿವರಿಸಿದ ವಿಧಾನದಲ್ಲಿ ನಡುಗೆರೆಯ ಗುಂಡಿಗಳನ್ನು ಮಾತ್ರ ಅಕ್ಕಿಕಾಳಿನಷ್ಟು ಗಾತ್ರದಲ್ಲಿ ಕೊರೆದು ತೆಗೆಯುತ್ತಾರೆ. ಪಕ್ಕದಲ್ಲಿ ಇನ್ನೊಂದು ಸಣ್ಣ ಕೊಯ್ತ ಹಾಕಿ ಅಲ್ಲಿಂದ ಒಳಗಿನ ಕೂದಲು ಕಸವನ್ನು ಕೆರೆದು ಸ್ವಚ್ಛ ಮಾಡುತ್ತಾರೆ. ಜಾಗ ಮರಗಟ್ಟಿಸಿ ಮಾಡಬಹುದು, ಕೆಲವೇ ದಿನಗಳಲ್ಲಿ ಕೆಲಸಕ್ಕೆ ಹೋಗಬಹುದು. ದೊಡ್ಡ ಆಪರೇಷನ್ನುಗಳಿಗಿಂತ ಮರುಕಳಿಸುವ ಸಾಧ್ಯತೆ ಹೆಚ್ಚು, ನಿಜ. ಆದರೆ ಮರುಕಳಿಸಿದರೂ ಕಳೆದುಕೊಂಡದ್ದು ಕಡಿಮೆ. ಸುರಂಗದೊಳಗೆ ಫೀನಾಲ್ ಎಂಬ ಸುಡುವ ರಾಸಾಯನಿಕ ತುಂಬುವುದು, ತೆಳುವಾದ ದುರ್ಬೀನು ತೂರಿಸಿ ಒಳಗೆ ನೋಡುತ್ತ ಸುಡುವುದು, ಲೇಸರ್ ತಂತಿಯಿಂದ ಸುಡುವುದು ಇದೇ ಬಗೆಯ ಹೊಸ ದಾರಿಗಳು. ಲೇಸರಿನ ಬಗ್ಗೆ ಊರ ತುಂಬ ಫಲಕಗಳಿವೆ. ಸಣ್ಣ, ನೇರ ಸುರಂಗಕ್ಕೆ ಅದು ಒಳ್ಳೆಯದೇ. ಹಲವು ಕವಲೊಡೆದ, ಹಿಂದೆ ಕೊಯ್ದು ಕೆಟ್ಟ ರೋಗಕ್ಕೆ ಅದನ್ನೇ ಮಾರುವವರ ಬಳಿ ಹುಷಾರಾಗಿರಿ.

ತೆರೆದಿಡುವ ವಿಧಾನದಲ್ಲಿ ರೋಗದ ಭಾಗವನ್ನು ಸೀಳಿ ಕೆರೆದು ಅಥವಾ ಪೂರ್ತಿ ತೆಗೆದು, ಹೊಲಿಗೆ ಹಾಕದೆ ತಳದಿಂದ ತಾನಾಗಿ ತುಂಬಿಬರಲು ಬಿಡುತ್ತಾರೆ. ನಡುಗೆರೆಯ ಹೊಲಿಗೆಗಿಂತ ಇದು ಕಡಿಮೆ ಮರುಕಳಿಸುತ್ತದೆ. ಬೆಲೆ ಸಮಯ: ಎರಡರಿಂದ ಮೂರು ತಿಂಗಳ ಡ್ರೆಸ್ಸಿಂಗ್, ಗಾಯ ದೊಡ್ಡದಿದ್ದರೆ ಇನ್ನೂ ಹೆಚ್ಚು. ದಿನಗೂಲಿ ಮಾಡುವವರು ಇದಕ್ಕೆ ಒಪ್ಪುವ ಮೊದಲು ಯೋಚಿಸಬೇಕು. ಮನೆಯಲ್ಲಿ ಡ್ರೆಸ್ಸಿಂಗ್ ಮಾಡಲು ಯಾರಿದ್ದಾರೆ, ಊರಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ದೂರ ಎಂಬುದನ್ನೂ ಲೆಕ್ಕ ಹಾಕಿಕೊಳ್ಳಿ.

ದೊಡ್ಡ ಅಥವಾ ಮರುಕಳಿಸಿದ ರೋಗಕ್ಕೆ ಫ್ಲ್ಯಾಪ್ ಶಸ್ತ್ರಚಿಕಿತ್ಸೆಗಳಿವೆ. ಫ್ಲ್ಯಾಪ್ ಎಂದರೆ ಪಕ್ಕದ ಚರ್ಮವನ್ನು ಅದರ ಕೊಬ್ಬು ಮತ್ತು ರಕ್ತನಾಳಗಳ ಸಮೇತ ಎಬ್ಬಿಸಿ, ಸರಿಸಿ, ಖಾಲಿಯಾದ ಜಾಗಕ್ಕೆ ಹೊದಿಸುವುದು. ಕ್ಯಾರಿಡಾಕಿಸ್ ವಿಧಾನದಲ್ಲಿ ಕೊಯ್ತವನ್ನೇ ಒಂದು ಪಕ್ಕಕ್ಕೆ ಹಾಕಿ, ಇನ್ನೊಂದು ಅಂಚನ್ನು ನಡುಗೆರೆ ದಾಟಿಸಿ ತಂದು ಹೊಲಿಯುತ್ತಾರೆ. ಅವರು 1992ರಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಅನುಭವ ಪ್ರಕಟಿಸಿದರು, ಮರುಕಳಿಕೆ ನೂರಕ್ಕೆ ಒಂದರ ಆಸುಪಾಸಿನಲ್ಲಿತ್ತು. ಬ್ಯಾಸ್ಕಮ್ ಅವರ ಸೀಳು ಎತ್ತುವ ಶಸ್ತ್ರಚಿಕಿತ್ಸೆ ಇದರ ಬಂಧು. ಅದು ಸೀಳಿನ ಆಳವನ್ನೇ ಕಡಿಮೆ ಮಾಡಿ ಜಾಗ ಗಾಳಿಗೆ ತೆರೆಯುವಂತೆ ಮಾಡುತ್ತದೆ. ಲಿಂಬರ್ಗ್ ಫ್ಲ್ಯಾಪ್ ರಷ್ಯಾದ ಸರ್ಜನ್ ಅಲೆಕ್ಸಾಂಡರ್ ಲಿಂಬರ್ಗ್ ಅವರ ಹೆಸರಿನದು. ರೋಗದ ಭಾಗವನ್ನು ಶಂಕರಪೋಳಿಯ ಆಕಾರದಲ್ಲಿ ಕತ್ತರಿಸಿ ತೆಗೆದು, ಪೃಷ್ಠದ ಪಕ್ಕದಿಂದ ಅದೇ ಅಳತೆಯ ಇನ್ನೊಂದು ಶಂಕರಪೋಳಿಯನ್ನು ತಿರುಗಿಸಿ ಕೂರಿಸುತ್ತಾರೆ. ನಮ್ಮ ಕಡೆಯ ಸರ್ಜನ್ನರಿಗೆ ಚೆನ್ನಾಗಿ ರೂಢಿಯಿರುವ ಫ್ಲ್ಯಾಪ್ ಇದು, ನನ್ನ ಎರಡನೆಯ ಆಪರೇಷನ್ನೂ ಇದೇ. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಆ ಆಕೃತಿಯ ಕೆಳಮೂಲೆ ನಡುಗೆರೆಯ ಮೇಲೆಯೇ ಉಳಿದರೆ ರೋಗ ಅಲ್ಲಿಂದ ಮತ್ತೆ ತಲೆಯೆತ್ತಬಹುದು. ಅದಕ್ಕೆ ಕೆಳಮೂಲೆಯನ್ನು ಒಂದೆರಡು ಸೆಂಟಿಮೀಟರ್ ಪಕ್ಕಕ್ಕೆ ಸರಿಸುವ ಸುಧಾರಿತ ಲಿಂಬರ್ಗ್ ಬಂದಿದೆ. ಅದನ್ನೇ ಮಾಡುತ್ತೀರಾ ಎಂದು ಕೇಳಿ. ಗಾಯದ ಗುರುತು ದೊಡ್ಡದಾಗಿ ಕಾಣುತ್ತದೆ, ಕೆಲವು ತಿಂಗಳು ಸುತ್ತಲ ಚರ್ಮಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಈ ಎರಡನ್ನೂ ಮೊದಲೇ ತಿಳಿದಿದ್ದರೆ ಆಮೇಲೆ ಗಾಬರಿಯಾಗುವುದಿಲ್ಲ.

ಆಯುರ್ವೇದದ ಕ್ಷಾರಸೂತ್ರದ ಬಗ್ಗೆ ಬಹಳ ಜನ ಕೇಳುತ್ತಾರೆ. ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಸಿನ ಇವುಗಳ ಲೇಪ ಕೊಟ್ಟ ದಾರವನ್ನು ಸುರಂಗದೊಳಗೆ ಹಾಯಿಸಿ, ವಾರಕ್ಕೊಮ್ಮೆ ಬದಲಿಸುತ್ತ ಹೋಗುವ ಚಿಕಿತ್ಸೆ ಅದು. ಭಗಂದರದಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಪೈಲೋನೈಡಲ್ ಸೈನಸ್‌ನಲ್ಲಿ ಅಷ್ಟು ದೊಡ್ಡ ಅಧ್ಯಯನಗಳಿಲ್ಲ. ಮಾಡಿಸುವುದಾದರೆ ಶಲ್ಯತಂತ್ರದಲ್ಲಿ, ಅಂದರೆ ಆಯುರ್ವೇದದ ಶಸ್ತ್ರಚಿಕಿತ್ಸೆಯಲ್ಲಿ, ಸ್ನಾತಕೋತ್ತರ ಪದವಿ ಪಡೆದವರಲ್ಲಿ ಮಾತ್ರ ಮಾಡಿಸಿ.

ಆಪರೇಷನ್ ದಿನ

ಹಿಂದಿನ ರಾತ್ರಿಯಿಂದ ಎಷ್ಟು ಹೊತ್ತು ಉಪವಾಸವಿರಬೇಕೆಂದು ಅರಿವಳಿಕೆ ವೈದ್ಯರು ಹೇಳುತ್ತಾರೆ, ಅಕ್ಷರಶಃ ಪಾಲಿಸಿ. ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಿಕೊಂಡು ಹೋಗಬೇಡಿ. ಚರ್ಮ ಗೀರಿ ಸೋಂಕಿಗೆ ದಾರಿಯಾಗುತ್ತದೆ, ಆಸ್ಪತ್ರೆಯವರೇ ಕೂದಲು ಕತ್ತರಿಸುತ್ತಾರೆ. ಫ್ಲ್ಯಾಪಿಗೆ ಸಾಮಾನ್ಯವಾಗಿ ಬೆನ್ನಿಗೆ ಚುಚ್ಚುವ ಅರಿವಳಿಕೆ. ಸೊಂಟದಿಂದ ಕೆಳಗೆ ಏನೂ ತಿಳಿಯುವುದಿಲ್ಲ. ಬೋರಲು ಮಲಗಿಸಿ, ಸೊಂಟ ಸ್ವಲ್ಪ ಮೇಲಾಗುವಂತೆ ಮೇಜು ಬಗ್ಗಿಸಿ, ಪೃಷ್ಠವನ್ನು ಅಂಟುಪಟ್ಟಿಯಿಂದ ಎರಡೂ ಕಡೆ ಎಳೆದು ಕಟ್ಟುತ್ತಾರೆ. ಸುರಂಗದ ಕವಲು ತಿಳಿಯಲೆಂದು ನೀಲಿ ಬಣ್ಣ ಹಾಯಿಸುವುದುಂಟು. ಒಂದು ಗಂಟೆಯ ಆಸುಪಾಸಿನ ಕೆಲಸ. ಹೊರಬರುವಾಗ ಪಕ್ಕದಲ್ಲಿ ಒಂದು ತೆಳ್ಳನೆಯ ನಳಿಗೆಯೂ ಪುಟ್ಟ ಡಬ್ಬಿಯೂ ಇರಬಹುದು. ಒಳಗೆ ನಿಲ್ಲುವ ನೀರನ್ನು ಹೊರಗೆಳೆಯುವ ಡ್ರೈನ್ ಅದು, ಕೆಲವು ದಿನಗಳಲ್ಲಿ ತೆಗೆಯುತ್ತಾರೆ. ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸಿದ ವರದಿ ಕೇಳಿ ಪಡೆಯಿರಿ. ದಶಕಗಟ್ಟಲೆ ಕೀವು ಸುರಿಸಿದ ಹಳೆಯ ಸೈನಸ್‌ನಲ್ಲಿ ತೀರ ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಸಿಗುತ್ತದೆ.

ಮನೆಗೆ ಬಂದ ಮೇಲೆ

ಗೆಲುವು ಸೋಲು ಹೆಚ್ಚಾಗಿ ತೀರ್ಮಾನವಾಗುವುದು ಮೊದಲ ಮೂರು ವಾರಗಳಲ್ಲಿ. ಬೋರಲು ಅಥವಾ ಮಗ್ಗುಲಾಗಿ ಮಲಗಿ. ಅದೇ ದಿನ ಸಂಜೆ ಅಥವಾ ಮರುದಿನದಿಂದ ಎದ್ದು ನಿಧಾನವಾಗಿ ನಡೆಯಬಹುದು, ನಡೆಯಬೇಕು. ಕೂರುವುದನ್ನು ಎರಡು ವಾರ ಆದಷ್ಟು ಬಿಡಿ. ನಾನು ಊಟವನ್ನು ಎತ್ತರದ ಕಟ್ಟೆಯ ಮೇಲೆ ತಟ್ಟೆಯಿಟ್ಟು ನಿಂತೇ ಮಾಡುತ್ತಿದ್ದೆ. ಮನೆಗೆ ಹೋಗುವಾಗ ಆಟೋದಲ್ಲಿ ಕೂತು ಕುಲುಕುವ ಬದಲು ಕಾರಿನ ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿ ಹೋಗಿ.

ಶೌಚದ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹೊಲಿಗೆ ಇರುವವರೆಗೆ ನೆಲದ ಶೌಚಾಲಯದಲ್ಲಿ ಕುಕ್ಕರಗಾಲಿನಲ್ಲಿ ಕೂತರೆ ಚರ್ಮ ಎಳೆಯುತ್ತದೆ. ಕಮೋಡ್ ಇದ್ದರೆ ಒಳ್ಳೆಯದು; ಇಲ್ಲದಿದ್ದರೆ ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ಬಾಡಿಗೆಗೆ ತನ್ನಿ. ಮಲಬದ್ಧತೆ ಆಗದಂತೆ ನೀರು, ಸೊಪ್ಪು, ಹಣ್ಣು ಧಾರಾಳವಾಗಿರಲಿ. ನೋವಿನ ಕೆಲವು ಮಾತ್ರೆಗಳೇ ಮಲ ಗಟ್ಟಿ ಮಾಡುತ್ತವೆ, ವೈದ್ಯರು ಕೊಟ್ಟ ಮಲ ಸಡಿಲಿಸುವ ಔಷಧಿಯನ್ನು ಬಿಡಬೇಡಿ. ತೊಳೆಯುವಾಗ ನೀರು ಗಾಯದ ಕಡೆಯಿಂದ ಕೆಳಕ್ಕೆ ಹರಿಯಬೇಕು, ಕೆಳಗಿನ ಕೊಳೆ ಮೇಲಕ್ಕೆ ಬರಬಾರದು. ಆಮೇಲೆ ಶುಭ್ರವಾದ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ.

ತೆರೆದ ಗಾಯವಿದ್ದವರು ಪ್ರತಿದಿನ ಶವರ್ ಅಥವಾ ಚೊಂಬಿನ ಉಗುರುಬೆಚ್ಚಗಿನ ನೀರಿನಿಂದ ಗಾಯವನ್ನೇ ತೊಳೆದು, ನರ್ಸ್ ತೋರಿಸಿಕೊಟ್ಟ ಹಾಗೆ ಗಾಜ್ ಎಂಬ ಜಾಲರಿಯಂತಹ ಹತ್ತಿ ಬಟ್ಟೆಯನ್ನು ಸಡಿಲವಾಗಿ ಇಡಬೇಕು. ಗಿಡಿದು ತುಂಬಿದರೆ ಗಾಯ ತುಂಬಿಬರಲು ಜಾಗವೇ ಇರುವುದಿಲ್ಲ. ಗಾಯ ತಳದಿಂದ ಮೇಲಕ್ಕೆ ಮಾಯಬೇಕು. ಮೇಲ್ಬಾಯಿ ಮೊದಲೇ ಮುಚ್ಚಿಕೊಂಡರೆ ಒಳಗೆ ಪೊಳ್ಳು ಉಳಿಯುತ್ತದೆ. ಅದಕ್ಕೇ ವಾರ ಎರಡು ವಾರಕ್ಕೊಮ್ಮೆ ಸರ್ಜನ್ನರೇ ನೋಡಬೇಕು. ಅಂಚಿನಿಂದ ಬೆಳೆದ ಕೂದಲು ಗಾಯದೊಳಗೆ ಬೀಳದಂತೆ ಸುತ್ತ ಕತ್ತರಿಸುತ್ತಿರಬೇಕು. ಅರಿಸಿನ, ತುಪ್ಪ, ಯಾರೋ ಕೊಟ್ಟ ಪುಡಿ ಯಾವುದನ್ನೂ ತೆರೆದ ಗಾಯಕ್ಕೆ ಹಾಕಬೇಡಿ.

ಫ್ಲ್ಯಾಪ್ ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ಬಿಚ್ಚುತ್ತಾರೆ. ಕಚೇರಿ ಕೆಲಸಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಬೈಕು, ಟ್ರ್ಯಾಕ್ಟರ್, ಮೂಟೆ ಹೊರುವುದು ಇವಕ್ಕೆ ಆರು ವಾರವಾದರೂ ಕಾಯಿರಿ, ವೈದ್ಯರು ಒಪ್ಪಿದ ಮೇಲೆಯೇ ಹೊರಡಿ. ನಾನು ಮಾಲೀಕರಿಗೆ ನಿಜ ಹೇಳಿ ಒಂದು ತಿಂಗಳು ರಜೆ ಕೇಳಿದೆ. ಹೇಳಿದಾಗ ಅವರು ತಮ್ಮ ತಂಗಿಯ ಮಗನಿಗೂ ಇದೇ ಇದೆ ಎಂದರು.

ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ, ಫ್ಲ್ಯಾಪಿನ ಅಂಚು ಕಪ್ಪಾದರೆ, ಡ್ರೈನ್ ತೆಗೆದ ಮೇಲೆ ಜಾಗ ನೀರುಗುಳ್ಳೆಯಂತೆ ಉಬ್ಬಿದರೆ, ಹೊಲಿಗೆ ಬಿಟ್ಟರೆ, ನೋವು ಇಳಿಯುವ ಬದಲು ಏರಿದರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಆಗಲೇ ಹೊರಡಿ.

ಮಾಯಿದ ಮೇಲಿನ ವರ್ಷಗಳು

ಮರುಕಳಿಕೆ ವರ್ಷಗಳ ನಂತರವೂ ಬರಬಹುದು. ಆದ್ದರಿಂದ ತಿಂಗಳಿಗೊಮ್ಮೆ ಕನ್ನಡಿ ಹಿಡಿಯುವುದನ್ನು ನಾನು ಬಿಟ್ಟಿಲ್ಲ. ಕೂದಲು ತೆಗೆಯಲು ಬ್ಲೇಡಿಗಿಂತ ಟ್ರಿಮ್ಮರ್ ಅಥವಾ ಚರ್ಮಕ್ಕೆ ಒಗ್ಗುವ ಕ್ರೀಮು ಮೇಲು. ವರ್ಷಗಟ್ಟಲೆ ಬ್ಲೇಡಿನಿಂದ ಬೋಳಿಸಿದವರಲ್ಲಿ ರೋಗ ಹೆಚ್ಚು ಮರುಕಳಿಸಿದ್ದನ್ನು ಕಂಡ ಅಧ್ಯಯನವಿದೆ. ಅನುಕೂಲವಿದ್ದವರು ಲೇಸರಿನಿಂದ ಕೂದಲನ್ನು ದೀರ್ಘಕಾಲ ಬೆಳೆಯದಂತೆ ಮಾಡಿಸಿಕೊಳ್ಳಬಹುದು. ಹತ್ತಿಯ ಒಳ ಉಡುಪು, ಗಂಟೆಗೊಮ್ಮೆ ಎದ್ದು ಓಡಾಡುವುದು, ಬೆವರಿದ ಮೇಲೆ ಸ್ನಾನ ಇವು ಖರ್ಚಿಲ್ಲದವು.

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಜರ್ಮನಿಯ ಸಂಶೋಧಕರು ಸೈನಸ್‌ಗಳಿಂದ ತೆಗೆದ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅದರಲ್ಲಿ ಬಹುಪಾಲು ಕತ್ತರಿಸಿದ್ದರಿಂದ ಚೂಪಾದ ತುದಿಗಳಿರುವ ಸಣ್ಣ ತುಣುಕುಗಳೇ ಆಗಿದ್ದವು. ತಲೆಯ ಹಿಂಭಾಗದ ಕೂದಲನ್ನು ಹೋಲುತ್ತಿದ್ದವು. ಕ್ಷೌರದ ಹೊತ್ತಿನಲ್ಲಿ ಕುತ್ತಿಗೆಯಿಂದ ಬೆನ್ನಿಗೆ ಉದುರಿ, ಅಂಗಿಯೊಳಗೆ ಇಳಿದು ಸೀಳು ಸೇರುವ ಚೂರುಗಳು ಅವು. ಕ್ಷೌರ ಮಾಡಿಸಿಕೊಂಡು ಬಂದವರನ್ನು ಅವ್ವ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಹಿತ್ತಿಲ ಬಚ್ಚಲಿಗೆ ನೇರವಾಗಿ ಕಳಿಸಿ, ತಲೆಯಿಂದ ಬೆನ್ನಿಗೆ ಎರಡು ಕೊಡ ನೀರು ಸುರಿದು, ಹಾಕಿದ್ದ ಅಂಗಿಯನ್ನು ಅಲ್ಲಿಯೇ ನೆನೆಹಾಕಿಸುತ್ತಿದ್ದರು. ದಾವಣಗೆರೆಗೆ ಕೆಲಸಕ್ಕೆ ಸೇರಿದ ಮೇಲೆ ನಾನು ಮಧ್ಯಾಹ್ನದ ಬಿಡುವಿನಲ್ಲಿ ಕ್ಷೌರ ಮುಗಿಸಿ, ಕೊರಳು ಒರೆಸಿಕೊಂಡು, ಅದೇ ಅಂಗಿಯಲ್ಲಿ ರಾತ್ರಿಯವರೆಗೆ ಕುರ್ಚಿಯಲ್ಲಿ ಕೂರುತ್ತಿದ್ದೆ. ಈಗ ಕ್ಷೌರಕ್ಕೆ ಭಾನುವಾರ ಬೆಳಿಗ್ಗೆ ಹೋಗುತ್ತೇನೆ, ಅಲ್ಲಿಂದ ನೇರವಾಗಿ ಬಚ್ಚಲಿಗೆ.